ಅಳಿಲು ಬಿಡೋ ಪಂಜರದ ರಿವ್ಯೂ: ಚಿಲಕಕ್ಕೆ ಸೊನ್ನೆ, ಉಳಿದಿದ್ದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳ್ಬಿಡ್ತೀನಿ, ಇದು ಉದ್ದ ರಿವ್ಯೂ. ಪಂಜರ ಗಟ್ಟಿ ಇದ್ಯಾ ಇಲ್ವಾ ಅಷ್ಟೇ ಬೇಕಿದ್ದೋರು ಕೊನೇದು ಎರಡು ಪ್ಯಾರಾ ಓದ್ಕೊಂಡು ಹೋಗಿ. ಆದ್ರೆ ಇದನ್ನ ಹುಡುಕ್ಕೊಂಡು ಬರೋರಲ್ಲಿ ಮುಕ್ಕಾಲು ಜನ ನನ್ ಥರದೋರೇ ಇರ್ತಾರೆ ಅಂತ ನನ್ ಲೆಕ್ಕ. ಅಂದ್ರೆ ಮನೇಲಿ ಒಂದು ಅಳಿಲು ಮರಿ ಬೆಳೆದು ಕೂತಿದೆ, ಬಿಡ್ಬೇಕಾ ಇಟ್ಕೋಬೇಕಾ ಗೊತ್ತಾಗ್ತಿಲ್ಲ, ರಾತ್ರಿ ಹನ್ನೆರಡು ಗಂಟೆಗೆ ನಿದ್ದೆ ಬರ್ದೆ ಫೋನ್ ಒತ್ತುತ್ತಾ ಇದ್ದಾಗ ಈ "ಸಾಫ್ಟ್ ರಿಲೀಸ್ ಪಂಜರ" ಕಣ್ಣಿಗೆ ಬಿದ್ದಿದೆ. ಅಂಥೋರಿಗೋಸ್ಕರ ಬರೀತಿದ್ದೀನಿ.

ಏನಿದು ಅಂದ್ರೆ, ಆರಡಿ ಎತ್ತರದ ಮರದ ಫ್ರೇಮು, ಸುತ್ತ ತಂತಿ ಜಾಲರಿ, ಮೇಲೆ ಇಳಿಜಾರು ಮಾಡು, ಒಳಗಡೆ ಮೂಲೇಲಿ ಎತ್ತರಕ್ಕೆ ಒಂದು ಮರದ ಗೂಡಿನ ಡಬ್ಬ. ಬಾಗಿಲು ಎರಡು. ಕೆಳಗಡೆ ದೊಡ್ಡದು ನಮಗೆ, ಒಳಗೆ ಕೈ ಹಾಕಿ ನೀರು ಬದಲಾಯ್ಸೋಕೆ, ಗುಡಿಸೋಕೆ. ಮೇಲ್ಗಡೆ ಅಂಗೈಯಗಲದ್ದು ಅಳಿಲಿಗೆ. ಪಂಜರನ ಹೊರಗಡೆ ಮರದ ಪಕ್ಕ ಇಡೋದು, ಎರಡು ವಾರ ಅದು ಅಲ್ಲೇ ಇದ್ಕೊಂಡು ಗಾಳಿ, ಮಳೆ ಶಬ್ದ, ಬೇರೆ ಅಳಿಲುಗಳ ಕೂಗು ಎಲ್ಲಾ ಅಭ್ಯಾಸ ಮಾಡ್ಕೊಳ್ಳುತ್ತೆ, ಆಮೇಲೆ ಒಂದಿನ ಬೆಳಗ್ಗೆ ಆ ಚಿಕ್ಕ ಬಾಗಿಲು ತೆಗೆದಿಟ್ಬಿಡೋದು. ಹೋಗಬಹುದು, ವಾಪಸ್ ಬರಬಹುದು, ಊಟ ಒಳಗೇ ಸಿಗ್ತಾ ಇರುತ್ತೆ. ಡಬ್ಬದಲ್ಲಿ ತಗೊಂಡೋಗಿ ಗೊತ್ತಿಲ್ಲದ ಜಾಗದಲ್ಲಿ ಸುರಿದು ಬರೋದಕ್ಕೂ ಇದಕ್ಕೂ ಅಜಗಜಾಂತರ.

ಈಗ ನಮ್ಮ ಕಥೆ. ಗಾಳಿ ಮಳೆಗೆ ಕೊಂಬೆ ಮುರಿದು ಗೂಡು ಸಮೇತ ಬಿದ್ದಿತ್ತು. ಮೂರು ಮರಿ, ಎರಡು ಅಷ್ಟೊತ್ತಿಗಾಗ್ಲೇ ಹೋಗಿತ್ತು, ಇನ್ನೊಂದು ತಣ್ಣಗೆ ಐಸ್ ಆಗಿತ್ತು, ಕಣ್ಣು ಬಿಟ್ಟಿರ್ಲಿಲ್ಲ, ಕಿವಿ ತಲೆಗೆ ಅಂಟ್ಕೊಂಡಿತ್ತು. ಅಡುಗೆಮನೆ ತಕ್ಕಡೀಲಿ ಇಟ್ರೆ 20 ಗ್ರಾಂ. ಮುಟ್ಟಿದ್ರೆ ತಾಯಿ ಸೇರಿಸ್ಕೊಳ್ಳಲ್ಲ ಅಂತ ಎಲ್ರೂ ಹೇಳೋದು ಸುಳ್ಳು, ಇದನ್ನ ದಯವಿಟ್ಟು ತಲೇಲಿಟ್ಕೊಳ್ಳಿ. ನಮ್ಮ ವಾಸನೆಗೆಲ್ಲಾ ಅದು ತಲೆ ಕೆಡಿಸ್ಕೊಳ್ಳಲ್ಲ, ಮರಿ ಬೆಚ್ಚಗಿದ್ರೆ, ಸುತ್ತ ಜನ ನಾಯಿ ಬೆಕ್ಕು ಇಲ್ದಿದ್ರೆ ಬಾಯಲ್ಲಿ ಕಚ್ಕೊಂಡು ಬೇರೆ ಗೂಡಿಗೆ ಸಾಗಿಸ್ಬಿಡುತ್ತೆ. ನಾವೂ ಮರದ ಬುಡದಲ್ಲಿ ಡಬ್ಬ ಇಟ್ಟು, ಅದರ ತಳದಲ್ಲಿ ಬಿಸಿನೀರಿನ ಬಾಟಲಿನ ಬಟ್ಟೇಲಿ ಸುತ್ತಿಟ್ಟು, ಕತ್ತಲಾಗೋ ತನಕ ಕಿಟಕೀಲಿ ಕೂತು ನೋಡಿದ್ವಿ. ಬರ್ಲಿಲ್ಲ. ರಾತ್ರಿ ಅಳಿಲು ಓಡಾಡಲ್ಲ, ಹಾಗಾಗಿ ಕಾದು ಪ್ರಯೋಜನ ಇಲ್ಲ ಅಂತ ಒಳಗೆ ತಂದ್ವಿ.

ಆವತ್ತು ರಾತ್ರಿನೇ ನಮ್ಮ ಅತ್ತೆ ಹಸುವಿನ ಹಾಲು ಬಿಸಿ ಮಾಡ್ಕೊಂಡು ಬಂದ್ರು ಪಾಪ, ಪ್ರೀತಿಯಿಂದಾನೇ. ಕಾಡುಪ್ರಾಣಿ ಮರಿಗಳನ್ನ ನೋಡ್ಕೊಳ್ಳೋ ಒಬ್ರು ಮೇಡಂ ನಂಬರ್ ಸಿಕ್ಕಿತ್ತು, ಫೋನಲ್ಲೇ ಅವರು "ಅಯ್ಯೋ ಬೇಡ ಬೇಡ, ಹಸುವಿನ ಹಾಲಿಗೆ ಭೇದಿ ಆಗಿ ಬೆಳಗಾಗೋದ್ರೊಳಗೆ ಹೋಗ್ಬಿಡುತ್ತೆ" ಅಂದ್ರು. ಅವರು ಹೇಳಿದ ಕ್ರಮ ಇದು: ಮೊದ್ಲು ಮೈ ಬೆಚ್ಚಗಾಗ್ಬೇಕು, ತಣ್ಣಗಿರೋ ಮರಿ ಹೊಟ್ಟೆಗೆ ಏನೂ ಹಾಕ್ಬಾರ್ದು, ಜೀರ್ಣ ಆಗಲ್ಲ. ಆಮೇಲೆ ಎಲೆಕ್ಟ್ರೊಲೈಟ್ ನೀರು, ಅಂದ್ರೆ ಓಆರ್‌ಎಸ್ ಥರ ಲವಣ ಬೆರೆಸಿದ ನೀರು. ಅದು ಒಗ್ಗಿದ್ಮೇಲೆ ನಾಯಿಮರಿಗಳಿಗೆ ಕೊಡೋ ಹಾಲಿನ ಪೌಡರ್ ಕಲಸಿ ಶುರು ಮಾಡೋದು, ಒಂದು ಸಲಕ್ಕೆ ಮೈತೂಕದ ನೂರಕ್ಕೆ ಐದು ಭಾಗ, ಅಂದ್ರೆ ನಮ್ 20 ಗ್ರಾಮಿನ ಪ್ರಾಣಿಗೆ 1 ಎಂಎಲ್ ಅಷ್ಟೇ. ಬೆನ್ನ ಮೇಲೆ ಮಲಗಿಸಿ ಕುಡಿಸ್ಬಾರ್ದು, ಹೊಟ್ಟೆ ಕೆಳಗಾಗಿ ಸ್ವಲ್ಪ ತಲೆ ಎತ್ತಿ ಹಿಡ್ಕೋಬೇಕು. ಮೂಗಿಂದ ಹಾಲು ಗುಳ್ಳೆ ಬಂದ್ರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗ್ಬೋದು, ಅದಕ್ಕೇ ಸಿರಿಂಜಿಂದ ಹನಿ ಹನಿ. ಪ್ರತಿ ಸಲ ಕುಡಿಸಿದ್ಮೇಲೂ ಒದ್ದೆ ಹತ್ತೀಲಿ ಕೆಳಗಡೆ ಸವರಿ ಉಚ್ಚೆ ಮಾಡಿಸ್ಬೇಕು, ತಾಯಿ ನೆಕ್ಕಿ ಮಾಡಿಸೋ ಕೆಲಸ ಅದು, ಚಿಕ್ಕ ಮರಿಗೆ ತಾನಾಗೇ ಬರಲ್ಲ. ಎರಡೂವರೆ ಗಂಟೆಗೊಂದ್ಸಲ ಅಲಾರಂ. ನಮ್ಮನೆಯವರು ಒಂದಿನ ಅಲಾರಂ ಆಫ್ ಮಾಡಿ ಎದ್ದು ಸಿರಿಂಜ್ ಹಿಡ್ಕೊಂಡು ನನ್ ಬಾಯಿ ಹತ್ರ ತಂದಿದ್ರು, ಅಷ್ಟು ನಿದ್ದೆಗೆಟ್ಟಿದ್ವಿ.

ಹೆಸರು ಇಡ್ಬಾರ್ದು ಅಂತ ಶಪಥ ಮಾಡಿದ್ವಿ. ಹೆಸರಿಟ್ರೆ ಬಿಡೋಕೆ ಮನಸ್ಸು ಬರಲ್ಲ ಅಂತ. ಮನೇಲೆಲ್ಲಾ ಪರದೆ ಹತ್ತೋದು ವೈರ್ ಕಚ್ಚೋದು ಮಾಡಿದಾಗ "ಏಯ್!" "ಏಯ್!" ಅಂತ ಕೂಗಿ ಕೂಗಿ ಕೊನೆಗೆ ಅದಕ್ಕೆ ಅದೇ ಹೆಸರಾಯ್ತು. ಏಯ್ ಅಂದ್ರೆ ತಿರುಗಿ ನೋಡ್ತಿತ್ತು.

ಹನ್ನೆರಡು ವಾರ ಆಗೋ ಹೊತ್ತಿಗೆ ಮನೇಲಿ ಎರಡು ಪಕ್ಷ. ನಮ್ಮನೆಯವರದ್ದು ಒಂದೇ ಮಾತು, "ಕೈಯಲ್ಲಿ ಬೆಳೆದಿದ್ದು ಕಣೇ, ಅದನ್ನ ಹೊರಗೆ ಬಿಡೋದೂ ಒಂದೇ, ಬೆಕ್ಕಿನ ಬಾಯಿಗೆ ಹಾಕೋದೂ ಒಂದೇ." ತಪ್ಪು ಅಂತಾನೂ ಹೇಳೋಕಾಗಲ್ಲ. ಕಾಡಲ್ಲೇ ಹುಟ್ಟಿ ತಾಯಿ ಹತ್ರಾನೇ ಬೆಳೆದ ಅಳಿಲುಗಳಲ್ಲೂ ಹೆಚ್ಚಿನವು ಮೊದಲ ವರ್ಷ ದಾಟಲ್ಲ, ಹದ್ದು, ಹಾವು, ಬೆಕ್ಕು, ರಸ್ತೆ, ಹಸಿವು. ಪಂಜರದಲ್ಲಿದ್ರೆ ಬೂದು ಅಳಿಲು ಇಪ್ಪತ್ತು ವರ್ಷದ ಮೇಲೆ ಬದುಕಿರೋ ದಾಖಲೆನೂ ಇದೆ. ಮಗಳು ಅಪ್ಪನ ಪಾರ್ಟಿ. ಅತ್ತೆ ಬಿಡೋ ಪಾರ್ಟಿ, "ಪ್ರಾಣಿ ಕಣಮ್ಮ ಅದು, ಸೋಫಾ ಅಲ್ಲ" ಅಂದ್ರು. ನಾನು ಯಾವ ಪಾರ್ಟಿ ಅಂತ ನಂಗೇ ಗೊತ್ತಿರ್ಲಿಲ್ಲ ನಿಜ ಹೇಳ್ಬೇಕಂದ್ರೆ. ಬೆಳಗ್ಗೆ ಬಿಡೋಣ ಅನ್ಸೋದು, ಸಂಜೆ ನನ್ ತೋಳಿನ ಒಳಗೆ ನುಗ್ಗಿ ನಿದ್ದೆ ಮಾಡಿದ್ರೆ ಮುಗೀತು.

ಇಟ್ಕೊಳ್ಳೋ ಕಡೆ ವಾದ ಮಾಡೋರು ಒಂದು ವಿಷಯ ತಿಳ್ಕೊಳ್ಳಿ. ಮರಿ ಇದ್ದಾಗ ಇರೋ ಅಳಿಲು ಬೇರೆ, ಬೆಳೆದ ಅಳಿಲು ಬೇರೆ. ವಯಸ್ಸಿಗೆ ಬಂದ್ಮೇಲೆ ಎಷ್ಟೋ ಅಳಿಲು ಸಾಕಿದೋರನ್ನೇ ಕಚ್ಚೋಕೆ ಶುರು ಮಾಡುತ್ತೆ, ಆ ಹಲ್ಲು ಉಗುರು ತೂರಿ ಹೋಗುತ್ತೆ. ಆಮೇಲೆ ಊಟ. ಕಡ್ಲೇಕಾಯಿ ಸೂರ್ಯಕಾಂತಿ ಬೀಜ ಅಂತ ಅದು ಇಷ್ಟ ಪಡೋದನ್ನೇ ಹಾಕ್ತಾ ಹೋದ್ರೆ ಅದ್ರಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ ಕ್ಯಾಲ್ಸಿಯಂ ಕಮ್ಮಿ, ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳ್ಕೊಳ್ಳುತ್ತೆ, ಮೂಳೆ ಮೆತ್ತಗಾಗಿ ಹಿಂಗಾಲು ಎಳ್ಕೊಂಡು ಓಡಾಡೋ ಸ್ಥಿತಿ ಬರುತ್ತೆ. ಕ್ಯಾಲ್ಸಿಯಂ ರಂಜಕಕ್ಕಿಂತ ಹೆಚ್ಚಿರ್ಬೇಕು, ಎರಡರಷ್ಟಿದ್ರೆ ಒಳ್ಳೇದು ಅಂತಾರೆ. ಬಿಸಿಲೂ ಬೇಕು, ಕಿಟಕಿ ಗಾಜಿನ ಹಿಂದೆ ಕೂತ್ರೆ ಆಗಲ್ಲ, ವಿಟಮಿನ್ ಡಿಗೆ ಬೇಕಾದ ಕಿರಣನ ಗಾಜು ತಡೆದ್ಬಿಡುತ್ತೆ. ಎಷ್ಟೋ ದೇಶಗಳಲ್ಲಿ ಪರ್ಮಿಷನ್ ಇಲ್ದೆ ಕಾಡುಪ್ರಾಣಿ ಮನೇಲಿಟ್ಕೊಳ್ಳೋದೇ ಅಪರಾಧ. ಉಲ್ಟಾನೂ ಇದೆ ನೋಡಿ, ಇಂಗ್ಲೆಂಡ್, ವೇಲ್ಸ್‌ನಲ್ಲಿ ಅಮೆರಿಕದಿಂದ ಬಂದ ಬೂದು ಅಳಿಲು ಅಲ್ಲಿನ ಕೆಂಪು ಅಳಿಲಿಗೆ ಮುಳುವಾಗಿದೆ ಅಂತ 2019ರ ಕಾನೂನಿನ ಪ್ರಕಾರ ಒಂದ್ಸಲ ಹಿಡಿದ ಬೂದು ಅಳಿಲನ್ನ ವಾಪಸ್ ಬಿಡೋ ಹಾಗೇ ಇಲ್ಲ. ಹಾಗಾಗಿ ಪಂಜರ ಆರ್ಡರ್ ಮಾಡೋಕೆ ಮುಂಚೆ ನಿಮ್ ಕಡೆ ಅರಣ್ಯದೋರನ್ನೋ ಪರ್ಮಿಷನ್ ಇರೋ ಕಾಡುಪ್ರಾಣಿ ಆರೈಕೆ ಸೆಂಟರನ್ನೋ ಒಂದ್ಮಾತು ಕೇಳಿ.

ಮೇಡಂಗೆ ಮತ್ತೆ ಫೋನ್ ಮಾಡಿದೆ, "ಬಿಡ್ಲಾ ಬೇಡ್ವಾ ಹೇಳ್ಬಿಡಿ ಮೇಡಂ" ಅಂತ. ಅವರು ಉತ್ತರ ಕೊಡ್ಲೇ ಇಲ್ಲ, ಡಾಕ್ಟ್ರು ಥರ ಪ್ರಶ್ನೆ ಕೇಳಿದ್ರು. "ಗಟ್ಟಿ ಸಿಪ್ಪೆ ಇರೋ ಕಾಯಿ ತಾನೇ ಒಡ್ಕೊಳ್ಳುತ್ತಾ?" ಹೂಂ. "ಮುಂದಿನ ಹಲ್ಲು ನಾಲ್ಕೂ ನೆಟ್ಟಗೆ ಒಂದಕ್ಕೊಂದು ಕೂರುತ್ತಾ?" ಹೂಂ. ಅಳಿಲಿನ ಮುಂದಿನ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತೆ, ಕಡಿದು ಸವೀಬೇಕು, ಸೊಟ್ಟ ಇದ್ರೆ ಸವೆಯಲ್ಲ, ಸುರುಳಿ ಸುತ್ಕೊಂಡು ಊಟ ನಿಂತು ಹೋಗುತ್ತೆ, ಅಂಥದ್ದನ್ನ ಬಿಡೋ ಹಾಗಿಲ್ಲ. ಕಣ್ಣು ಕಾಣ್ದಿರೋದು, ಬೆನ್ನುಮೂಳೆ ಪೆಟ್ಟಾಗಿರೋದೂ ಅಷ್ಟೇ. "ಸರಿ, ಗೊತ್ತಿಲ್ದೋರು ಮನೆಗೆ ಬಂದ್ರೆ ಏನ್ ಮಾಡುತ್ತೆ?" ಇಲ್ಲಿ ನಾನು ಸುಮ್ನಾದೆ. ಯಾಕಂದ್ರೆ ಹಿಂದಿನ ದಿನ ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತಿದ್ದಾಗ ನಮ್ ಏಯ್ ಸೀದಾ ಅವನ ಪ್ಯಾಂಟ್ ಹತ್ತಿ ಭುಜದ ಮೇಲೆ ಕೂತಿತ್ತು. ಪಕ್ಕದ ಮನೆ ನಾಯಿ ಬೊಗಳಿದ್ರೆ ಕಿಟಕಿ ಹತ್ರ ಓಡಿ ಹೋಗಿ ಕುತೂಹಲದಿಂದ ನೋಡ್ತಿತ್ತು. "ಹಂಗಾದ್ರೆ ಈಗ್ಲೇ ಬೇಡಮ್ಮ" ಅಂದ್ರು ಮೇಡಂ. ಒಂಟಿ ಮರಿ ಸಾಕಿದ್ರೆ ಬರೋ ತೊಂದ್ರೆನೇ ಇದಂತೆ, ಸೆಂಟರ್‌ಗಳಲ್ಲಿ ಒಂದೇ ವಯಸ್ಸಿನ ಒಂಟಿ ಮರಿಗಳನ್ನ ಒಟ್ಟಿಗೆ ಹಾಕಿ ಬೆಳೆಸ್ತಾರೆ, ಆಗ ಮನುಷ್ಯರ ಗೀಳು ತಾನಾಗೇ ಬಿಡುತ್ತೆ. ಆವಾಗ ಅವರ ಹತ್ರ ಆ ವಯಸ್ಸಿನ ಮರಿ ಇರ್ಲಿಲ್ಲ. ಇದ್ದಿದ್ರೆ ಈ ರಿವ್ಯೂನೇ ಇರ್ತಿರ್ಲಿಲ್ಲ, ನಿಮ್ಗೆ ಆ ದಾರಿ ಇದ್ರೆ ಅದೇ ಬೆಸ್ಟು, ಪಂಜರ ಗಿಂಜರ ಏನೂ ಬೇಡ.

ಹೀಗೆ ಪಂಜರ ತರಿಸಿದ್ದು. ಒಂಚೂರು ಸತ್ಯ ಒಪ್ಕೊಳ್ತೀನಿ, ತೀರ್ಮಾನ ಎರಡು ವಾರ ಮುಂದಕ್ಕೆ ತಳ್ಳೋಕೆ ತರಿಸಿದ್ದು.

ಬಂದಿದ್ದು ಚಪ್ಪಟೆ ಬಾಕ್ಸಲ್ಲಿ, ಜೋಡ್ಸೋಕೆ ಇಬ್ರು ಬೇಕು, ಮೂರು ಗಂಟೆ ಹಿಡೀತು. ಸೂಚನೆ ಹಾಳೇಲಿ ಏಳನೇ ಚಿತ್ರ ತಲೆಕೆಳಗಾಗಿದೆ, ಅದನ್ನ ನಂಬಿ ಮಾಡು ಉಲ್ಟಾ ಹಾಕಿ ಮತ್ತೆ ಬಿಚ್ಚಿದ್ವಿ. ವಾರ್ನಿಷ್ ವಾಸನೆ ಗಮ್ ಅಂತಿತ್ತು, ನಾಲ್ಕು ದಿನ ಬಿಸಿಲಿಗಿಟ್ಟು ವಾಸನೆ ಹೋದ್ಮೇಲೇ ಬಳಸಿದ್ದು, ಅಳಿಲು ಕಚ್ಚದೇ ಇರೋ ಮರ ಅಂತ ಯಾವ್ದೂ ಇಲ್ವಲ್ಲ. ಜಾಲರಿ ವಿಷಯದಲ್ಲಿ ಮೋಸ. ಅರ್ಧ ಇಂಚು ಅಂತ ಬರೆದಿದ್ದಾರೆ, ಮುಂದಿನ ಕಡೆ ಹಾಗೇ ಇದೆ, ಹಿಂದೆ ಮತ್ತು ತಳದಲ್ಲಿ ಒಂದಿಂಚು. ಒಂದಿಂಚಲ್ಲಿ ಚಿಕ್ಕ ಹಾವು ಆರಾಮಾಗಿ ಬರುತ್ತೆ, ಬೆಕ್ಕು ಪಂಜಾ ತೂರಿಸಿ ಬಾಲ ಹಿಡ್ಕೊಳ್ಳುತ್ತೆ. ನಾವು ಬೇರೆ ಅರ್ಧ ಇಂಚಿನ ಜಾಲರಿ ತಂದು ಎರಡನೇ ಪದರ ಹೊಡೆದ್ವಿ. ಗೂಡಿನ ಡಬ್ಬದ ತೂತು ಮೂರಿಂಚು, ದೊಡ್ಡ ಜಾತಿ ಅಳಿಲಿಗೆ ಸರಿ, ನಮ್ದು ಚಿಕ್ಕದು, ಅಷ್ಟು ದೊಡ್ಡ ತೂತಲ್ಲಿ ಕಾಗೆ ತಲೆ ಹಾಕ್ಬಿಡುತ್ತೆ, ಅದಕ್ಕೆ ಚಿಕ್ಕ ತೂತಿನ ಹಲಗೆ ಹೊಡೆದ್ವಿ. ಇರುವೆ ಹತ್ತದ ಹಾಗೆ ಕಾಲುಗಳನ್ನ ನೀರಿನ ಬಟ್ಟಲಲ್ಲಿ ಇಟ್ವಿ, ಇದು ಕಂಪನಿಯೋರೇ ಕೊಡ್ಬೇಕಿತ್ತು. ಮಾಡು ಮಾತ್ರ ಸೂಪರ್, ಮೂರು ದಿನ ಜಡಿಮಳೆ ಬಂತು, ಒಂದು ಹನಿ ಒಳಗಿಲ್ಲ.

ಒಳಗೆ ಬಿಟ್ಟ ಮೊದಲ ದಿನ ಜಾಲರಿಗೆ ಅಂಟ್ಕೊಂಡು ನಮ್ಮನ್ನೇ ನೋಡ್ತಿತ್ತು. ಮೇಡಂ ಆರ್ಡರ್ ಏನಂದ್ರೆ ನಾನೊಬ್ಳೇ ಹೋಗ್ಬೇಕು, ಊಟ ಇಟ್ಟು ಬರ್ಬೇಕು, ಮಾತಿಲ್ಲ, ಮುಟ್ಟೋದಿಲ್ಲ, ಏಯ್ ಅನ್ನೋ ಹಾಗೂ ಇಲ್ಲ. ಮಗಳು ಎರಡು ದಿನ ನನ್ ಹತ್ರ ಮಾತು ಬಿಟ್ಲು. ಒಳಗೆ ಹಸಿ ಕೊಂಬೆ, ಚಿಗುರು, ತೊಗಟೆ, ಒಣ ಎಲೆ ತುಂಬಿಸಿದ್ವಿ, ಕಾಯಿಗಳನ್ನ ಬಟ್ಟಲಲ್ಲಿ ಇಡ್ದೆ ಎಲೆ ಕೆಳಗೆ, ಕೊಂಬೆ ಸಂದೀಲಿ ಬಚ್ಚಿಟ್ವಿ, ಹುಡುಕ್ಕೊಂಡು ತಿನ್ಲಿ ಅಂತ. ಐದನೇ ದಿನ ಮಧ್ಯಾಹ್ನ ಮೇಲೆ ಒಂದು ಹದ್ದು ಸುತ್ತುತ್ತಿತ್ತು, ಮರದಲ್ಲಿರೋ ಅಳಿಲುಗಳೆಲ್ಲಾ ಕಿರಿಚ್ಕೊಂಡ್ವು, ನಮ್ದು ಎರಡು ಸೆಕೆಂಡ್ ಕಲ್ಲಾಯ್ತು, ಆಮೇಲೆ ಡಬ್ಬದೊಳಗೆ ಹಾರಿ ಬಾಗಿಲಲ್ಲಿ ಮೂಗು ಮಾತ್ರ ಇಟ್ಕೊಂಡು ಅದೂ ಚಿಕ್ ಚಿಕ್ ಚಿಕ್ ಶುರು ಮಾಡ್ತು. ಮನೇಲಿ ಯಾವತ್ತೂ ಮಾಡ್ದಿರೋ ಶಬ್ದ. ಏಳನೇ ದಿನ ನಮ್ಮನೆಯವರು ತಡೀಲಾರ್ದೆ ಕದ್ದು ನೋಡೋಕೆ ಹೋದ್ರೆ ಅವರನ್ನ ಕಂಡು ಓಡಿ ಹೋಗಿ ಅಡಗಿ ಕೂತಿದೆ. ಅವರು ಮುಖ ಸಪ್ಪಗೆ ಮಾಡ್ಕೊಂಡು ಬಂದ್ರು, ನಾನು ಒಳಗೊಳಗೆ ಖುಷಿ ಪಟ್ಟೆ, ಹೇಳ್ಲಿಲ್ಲ.

ಈಗ ಚಿಲಕಕ್ಕೆ ಬರ್ತೀನಿ. ದೊಡ್ಡ ಬಾಗಿಲಿಗೆ ಕಬ್ಬಿಣದ ಚಿಲಕ ಹಾಕಿದ್ದಾರೆ, ಮೇಲಿನ ಚಿಕ್ಕ ಬಾಗಿಲಿಗೆ ಪ್ಲಾಸ್ಟಿಕ್. ಪ್ಲಾಸ್ಟಿಕ್! ಜೀವಮಾನ ಇಡೀ ಹಲ್ಲು ಬೆಳೆಯೋ ಪ್ರಾಣಿಗೆ ಮಾಡಿದ ಪಂಜರಕ್ಕೆ ಪ್ಲಾಸ್ಟಿಕ್ ಚಿಲಕ ಹಾಕಿರೋ ಪುಣ್ಯಾತ್ಮ ಯಾರೋ ಅಳಿಲನ್ನ ಫೋಟೋದಲ್ಲೂ ನೋಡಿರ್ಲಿಕ್ಕಿಲ್ಲ. ಒಂಬತ್ತನೇ ದಿನ ಬೆಳಗ್ಗೆ ಹೋಗಿ ನೋಡ್ತೀನಿ, ಚಿಲಕ ಅರ್ಧ ಇಲ್ಲ, ಕೆಳಗಡೆ ಬಿಳಿ ಪುಡಿ ಬಿದ್ದಿದೆ, ಬಾಗಿಲು ಹಾರು ಹೊಡೆದಿದೆ. ಕೈಕಾಲು ತಣ್ಣಗಾಯ್ತು. ಜಾಲರಿ ಮೇಲೆ ಇಲ್ಲ, ಕೊಂಬೇಲಿ ಇಲ್ಲ. ಹೋಯ್ತು ಅನ್ಕೊಂಡು ಸ್ಟೂಲ್ ಹಾಕಿ ಹತ್ತಿ ಡಬ್ಬದ ಮುಚ್ಚಳ ಮೆಲ್ಲಗೆ ಎತ್ತಿದ್ರೆ ಬಾಲ ಮುಖದ ಮೇಲೆ ಹೊದ್ಕೊಂಡು ಉಂಡೆಯಾಗಿ ಮಲಗಿದೆ.

ಉಸಿರು ಬಂತು, ಮುಚ್ಚಳ ಹಾಕೋಣ ಅಂತಿದ್ದೋಳು ನಿಂತೆ. ಅದು ಮಲಗಿದ್ದ ಹಾಸಿಗೆ ನಾನು ಹಾಕಿದ್ದಲ್ಲ. ನಾನು ಹಾಕಿದ್ದು ಹಳೇ ಬನಿಯನ್ ಬಟ್ಟೆ ಚೂರು, ಒಣ ಎಲೆ. ಅದನ್ನೆಲ್ಲಾ ಮೂಲೆಗೆ ತಳ್ಳಿ ಅದ್ರ ಮೇಲೆ ತೆಳ್ಳಗೆ ಸೀಳಿದ ತೊಗಟೆ ನಾರು, ಹತ್ತಿ ಥರದ್ದೇನೋ ಬೀಜದ ನಯ, ಇನ್ನೂ ಹಸಿರಿರೋ ಎಲೆ ಮೂರ್ನಾಕು, ಎಲ್ಲಾ ಸೇರಿಸಿ ದುಂಡಗೆ ಹೆಣೆದಿದೆ. ಆ ಎಲೆ ಪಂಜರದಲ್ಲಿ ಹಾಕಿದ್ದ ಯಾವ ಕೊಂಬೇದೂ ಅಲ್ಲ, ಆಚೆ ಇರೋ ಎರಡನೇ ಮರದ್ದು. ಅಂದ್ರೆ ಬಾಗಿಲು ತೆಗೆದಿದ್ದು ಆ ರಾತ್ರಿ ಅಲ್ಲ, ಹಿಂದಿನ ದಿನವೇ ಯಾವಾಗ್ಲೋ, ನಾನು ಸಂಜೆ ಕೆಳಗಿನ ಬಾಗಿಲಿಂದ ನೀರಿಟ್ಟು ಬಂದಿದ್ದೆ, ಮೇಲೆ ನೋಡಿರ್ಲೇ ಇಲ್ಲ. ಅದು ಹೊರಗೆ ಹೋಗಿ, ಮರ ಹತ್ತಿ, ಸಾಮಾನು ಹೊತ್ಕೊಂಡು ಎಷ್ಟೋ ಸಲ ಓಡಾಡಿ, ಗೂಡು ಕಟ್ಟಿ ಮುಗ್ಸಿ ಮಲಗಿದೆ, ನಾವು ಮನೇಲಿ ಕೂತು ಬಿಡೋದಾ ಬೇಡ್ವಾ ಅಂತ ಜಗಳ ಆಡ್ತಿದ್ವಿ.

ಒಂದು ಎಲೆ ತಂದು ಊಟದ ಟೇಬಲ್ ಮೇಲಿಟ್ಟೆ. ನಮ್ಮನೆಯವರು ತಿರುಗಿಸಿ ತಿರುಗಿಸಿ ನೋಡಿದ್ರು, "ಆ ಮರಕ್ಕೆ ಹೋಗಿತ್ತಾ?" ಅಂದ್ರು. ಆಮೇಲೆ ಯಾರೂ ವಾದ ಮಾಡ್ಲಿಲ್ಲ.

ಮೇಡಂ ಹೇಳಿದ ಹಾಗೆ ಬಾಗಿಲು ತೆಗೆದೇ ಇಟ್ವಿ. ಸುಮಾರು ಹತ್ತು ದಿನ ರಾತ್ರಿ ಡಬ್ಬಕ್ಕೇ ಬರ್ತಿತ್ತು, ಆಮೇಲೆ ಎರಡು ದಿನಕ್ಕೊಮ್ಮೆ, ಆಮೇಲೆ ಊಟಕ್ಕೆ ಮಾತ್ರ. ಊಟ ಇನ್ನೂ ನಾಲ್ಕು ವಾರ ಇಟ್ವಿ, ಕಮ್ಮಿ ಮಾಡ್ತಾ ಮಾಡ್ತಾ. ಬಿಡೋ ಸಮಯ ಮಾತ್ರ ನೋಡ್ಕೊಳ್ಳಿ, ಮರದಲ್ಲಿ ಕಾಯಿ ಚಿಗುರು ಇರೋ ಕಾಲ ಆಗ್ಬೇಕು, ತುಂಬಾ ಚಳಿ, ಜಡಿಮಳೆ ಇನ್ನೇನು ಹಿಡಿಯುತ್ತೆ ಅನ್ನೋವಾಗ ಬಿಡ್ಬೇಡಿ, ಬಾಗಿಲು ಬೆಳಗ್ಗೆನೇ ತೆಗೀರಿ, ಸಂಜೆ ಬೇಡ. ಈಗ ಮರದಲ್ಲಿ ಐದಾರು ಓಡಾಡ್ತವೆ, ಯಾವ್ದು ನಮ್ದು ಅಂತ ಮಗಳು ದಿನಕ್ಕೊಂದು ತೋರಿಸ್ತಾಳೆ. ನಾನು ಒಂದ್ಸಲ ಮೆಲ್ಲಗೆ ಏಯ್ ಅಂದೆ, ಒಂದೂ ತಿರುಗ್ಲಿಲ್ಲ.

ಸ್ಟಾರ್ ವಿಷಯ. ಮಾಡು, ಫ್ರೇಮು, ಎರಡು ಬಾಗಿಲಿನ ಐಡಿಯಾ, ಒಳಗೆ ಓಡಾಡೋಕೆ ಜಾಗ, ಇದಕ್ಕೆಲ್ಲಾ ಐದು ಕೊಡಬಹುದು. ಜಾಲರಿ ಸುಳ್ಳಿಗೆ ಒಂದು ಕಟ್. ಚಿಲಕಕ್ಕೆ ಇನ್ನೊಂದು ಕಟ್ ಮಾಡ್ಬೇಕು ಅಂತ ಕೂತೆ, ನಮ್ಮನೆಯವರು "ಲೇ, ಆ ಚಿಲಕ ಗಟ್ಟಿ ಇದ್ದಿದ್ರೆ ಇನ್ನೂ ಜಗಳ ಆಡ್ತಿದ್ವಿ ಕಣೇ" ಅಂದ್ರು, ನಿಜಾನೇ, ಆದ್ರೂ ನಮ್ಗೆ ಒಳ್ಳೇದಾಯ್ತು ಅಂತ ಕಂಪನಿಗೆ ಮಾರ್ಕ್ಸ್ ಕೊಡೋಕಾಗಲ್ಲ. ಅದೇ ಬಾಗಿಲು ಎರಡನೇ ದಿನ, ಅದಕ್ಕಿನ್ನೂ ಹದ್ದಿನ ಭಯ ಬರೋಕೆ ಮುಂಚೆ ತೆಗೆದಿದ್ರೆ? ಕಸ್ಟಮರ್ ಕೇರ್‌ಗೆ ಫೋಟೋ ಸಮೇತ ಬರೆದೆ. "ನಿಮ್ಮ ಪೆಟ್ ಹೊಸ ಮನೆಗೆ ಹೊಂದಿಕೊಂಡಿದೆ ಎಂದು ಭಾವಿಸುತ್ತೇವೆ" ಅಂತ ಉತ್ತರ ಬಂತು, ಜೊತೆಗೆ ಬದಲಿ ಚಿಲಕ ಕಳ್ಸಿದ್ದಾರೆ, ಅದೂ ಪ್ಲಾಸ್ಟಿಕ್ಕೇ. ಹಾಗಾಗಿ ಚಿಲಕಕ್ಕೆ ಸೊನ್ನೆ, ಉಳಿದಿದ್ದಕ್ಕೆ ನಾಲ್ಕು.

ಪಂಜರನ ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ ಮೇಡಂಗೆ ಕೊಟ್ವಿ, ಅವರ ಹತ್ರ ಈಗ ಒಟ್ಟಿಗೆ ಬೆಳೆದ ನಾಲ್ಕು ಮರಿ ಇದ್ಯಂತೆ. ತಗೊಳ್ಳೋರಿದ್ರೆ ಮೊದಲ ದಿನವೇ ಮೇಲಿನ ಬಾಗಿಲಿಗೆ ಎರಡಿಂಚಿನ ಸ್ಟೀಲ್ ಚಿಲಕ ಹಾಕ್ಕೊಳ್ಳಿ. ಕಂಪನಿ ಸ್ಕ್ರೂ ಅದಕ್ಕೆ ಕೂರಲ್ಲ, ಬೇರೆ ತರ್ಬೇಕು, ಮತ್ತೆ ಸ್ಕ್ರೂ ತುದಿ ಒಳಗಡೆ ಚುಚ್ಕೊಂಡು ಬರ್ದೇ ಇರೋ ಅಷ್ಟು ಗಿಡ್ಡದ್ದು ನೋಡಿ ತನ್ನಿ.